ಕಿಂಡಿ ಅಣೆಕಟ್ಟಿನ ಹಲಗೆ ಎಷ್ಟು ಎತ್ತರ? ಲೆಕ್ಕ ಹೇಳುವುದೆಷ್ಟು, ಊರು ಹೇಳಬೇಕಾದುದೆಷ್ಟು?

ಪ್ರಶ್ನೆ: ನಮ್ಮ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಇದೆ. ಹಲಗೆ ಹಾಕುವ ಹೊತ್ತಿಗೆ ಪ್ರತಿ ವರ್ಷವೂ ಚರ್ಚೆ. ಬೇಸಗೆಗೆ ನೀರು ಉಳಿಯಬೇಕಾದರೆ ಬೇಗ ಹಾಕಿ, ಎತ್ತರಕ್ಕೆ ಹಾಕಿ ಎನ್ನುತ್ತಾರೆ ಕೆಲವರು. ತಗ್ಗಿನಲ್ಲಿ ತೋಟ ಇರುವವರು ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ, ಅಷ್ಟು ಎತ್ತರ ಬೇಡ ಎನ್ನುತ್ತಾರೆ. ಅಣೆಕಟ್ಟಿನಿಂದ ಕೆಳಗಿನವರಿಗೆ ತಮ್ಮ ಪಾಲಿನ ತೋಡು ಬತ್ತುವ ಚಿಂತೆ. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು, ಇಂಥದ್ದಕ್ಕೆಲ್ಲ ‘ಆಪ್ಟಿಮೈಸೇಶನ್’ ಎಂಬ ಗಣಿತ ಇದೆ, ಸರಿಯಾದ ಎತ್ತರ ಎಷ್ಟೆಂದು ಲೆಕ್ಕ ಹಾಕಿಯೇ ಹೇಳಬಹುದು ಎನ್ನುತ್ತಾಳೆ. ಇದು ನಿಜವೇ? ಲೆಕ್ಕದಿಂದ ಜಗಳ ತೀರುತ್ತದೆಯೇ?
— ಓದುಗರು, ಸೀತಾಂಗೋಳಿ

ಉತ್ತರ: ನಿಮ್ಮ ಮಗಳ ಮಾತು ಬಹುಪಾಲು ನಿಜ. ಅಂಥ ಗಣಿತ ಇದೆ, ದೊಡ್ಡ ಜಲಾಶಯಗಳಿಗೂ ವಿಮಾನದ ಬಿಡಿಭಾಗಗಳಿಗೂ ಅದನ್ನು ದಿನವೂ ಬಳಸುತ್ತಾರೆ. ನಿಮ್ಮ ತೋಡಿಗೂ ಅದು ಒಗ್ಗುತ್ತದೆ, ಅದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗುರಿಗಳು ಎರಡೋ ಮೂರೋ ಇದ್ದು ಅವು ಒಂದಕ್ಕೊಂದು ಎದುರಾದಾಗ, ಲೆಕ್ಕವು ಒಂದೇ ಒಂದು ‘ಸರಿ ಉತ್ತರ’ವನ್ನು ಕೊಡುವುದಿಲ್ಲ. ಕೆಟ್ಟ ಆಯ್ಕೆಗಳನ್ನೆಲ್ಲ ತೆಗೆದುಹಾಕಿ, ಉಳಿದ ಒಳ್ಳೆಯ ಆಯ್ಕೆಗಳಲ್ಲಿ ಯಾರಿಗೆ ಎಷ್ಟು ಲಾಭ, ಅದಕ್ಕೆ ಯಾರು ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ನಿಚ್ಚಳವಾಗಿ ಮುಂದಿಡುತ್ತದೆ. ಅಲ್ಲಿಂದ ಮುಂದೆ ಆರಿಸಬೇಕಾದವರು ನೀವು. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ನಿಮ್ಮ ಊರಿನ ಚರ್ಚೆ ಬೇಗ ಮುಗಿಯುತ್ತದೆ ಎಂಬ ನಂಬಿಕೆ ನನಗಿದೆ. ಹೇಗೆಂದು ಹಂತಹಂತವಾಗಿ ನೋಡೋಣ.

ಮಳೆ ಸಾಕಷ್ಟು, ಆದರೂ ಕೊರತೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಎಣಿಸುತ್ತ ಹೋದರೆ ಜಿಲ್ಲೆಯಲ್ಲಿ 12 ಹೊಳೆಗಳಿವೆ. ಒಂದು ಎಕರೆಯ ಮೇಲೆ ಬೀಳುವ ಮಳೆಯನ್ನು ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಲೀಟರ್. ಅದೇ ಎಕರೆಯ ಅಡಿಕೆ ತೋಟಕ್ಕೆ ಬೇಸಗೆಯಲ್ಲಿ ಬೇಕಾಗುವುದೆಷ್ಟು? ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸಿನ ಪ್ರಕಾರ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ 550 ಮರ ಎಂದಿಟ್ಟುಕೊಂಡರೆ ದಿನಕ್ಕೆ ಹೆಚ್ಚೆಂದರೆ 11,000 ಲೀಟರ್. 150 ದಿನಕ್ಕೆ 16.5 ಲಕ್ಷ ಲೀಟರ್. ಅಂದರೆ ಬಿದ್ದ ಮಳೆಯ ಎಂಟನೇ ಒಂದಂಶವೂ ಬೇಡ.

ಹಾಗಿದ್ದರೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದೆ. ಮಳೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಇಳಿಜಾರು ನೆಲ, ಗಿಡ್ಡ ಹೊಳೆಗಳು, ಸಮುದ್ರ ಹತ್ತಿರ. ಮುರಕಲ್ಲಿನ ಗುಡ್ಡೆ ನೀರನ್ನು ಕುಡಿಯುವುದೂ ಬೇಗ, ಬಿಟ್ಟುಕೊಡುವುದೂ ಬೇಗ. ನಮ್ಮ ಹಿರಿಯರು ಇದನ್ನು ಅರಿತೇ ಗುಡ್ಡೆಯ ಮೇಲೆ ಮದಕ, ಗುಡ್ಡೆಯ ಬದಿಗೆ ಸುರಂಗ, ತೋಡಿಗೆ ಅಡ್ಡವಾಗಿ ಕಟ್ಟ ಎಂದು ಒಂದೊಂದು ಕಡೆಗೆ ಒಂದೊಂದು ಉಪಾಯ ಮಾಡಿಕೊಂಡಿದ್ದರು. ನೀರು ಇರುವ ಕಾಲಕ್ಕೂ ಬೇಕಾದ ಕಾಲಕ್ಕೂ ಇರುವ ಅಂತರವನ್ನು ತುಂಬುವುದೇ ಇವೆಲ್ಲದರ ಉದ್ದೇಶ. ನಿಮ್ಮ ಕಿಂಡಿ ಅಣೆಕಟ್ಟಿನದ್ದೂ ಅದೇ.

ಅಡಿಕೆಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಒಂದು ಬೇಸಗೆಯಲ್ಲಿ ನೀರು ಸಾಲದೆ ಸೊರಗಿದ ಮರ ಮತ್ತೆ ಮೊದಲಿನ ಹುರುಪಿಗೆ, ಮೊದಲಿನ ಫಸಲಿಗೆ ಬರಲು ಎರಡು–ಮೂರು ವರ್ಷ ಹಿಡಿಯುತ್ತದೆ. ಬೇರಿನಲ್ಲಿ ನೀರು ನಿಂತರೂ ಅದು ತಾಳುವುದಿಲ್ಲ. ಆದ್ದರಿಂದ ನಿಮ್ಮ ಊರಿನ ಎರಡೂ ಪಕ್ಷದವರ ಚಿಂತೆ ನ್ಯಾಯವಾದದ್ದೇ. ಒಬ್ಬರು ಒಣಗುವ ಮರವನ್ನು ನೋಡುತ್ತಿದ್ದಾರೆ, ಇನ್ನೊಬ್ಬರು ಕೊಳೆಯುವ ಬೇರನ್ನು. ಯಾರೂ ಸುಳ್ಳು ಹೇಳುತ್ತಿಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಲೆಕ್ಕ ಶುರುವಾಗಬೇಕು.

ಮೊದಲು ಒಂದು ಪೈಪಿನ ಲೆಕ್ಕ

ತೋಡಿನ ಲೆಕ್ಕಕ್ಕಿಂತ ಸುಲಭವಾದ ಒಂದರಿಂದ ಆರಂಭಿಸೋಣ. ಕೆರೆಯಿಂದ ತೋಟದ ತಲೆಗೆ 200 ಮೀಟರ್ ಉದ್ದದ ಪಿವಿಸಿ ಪೈಪು ಹಾಕಬೇಕು, ಸೆಕೆಂಡಿಗೆ 3 ಲೀಟರ್ ನೀರು ಹರಿಸಬೇಕು. ಪೈಪು ಸಣ್ಣದಾದರೆ ಅಗ್ಗ, ಆದರೆ ಒಳಗಿನ ಘರ್ಷಣೆಗೆ ಪಂಪಿನ ಶಕ್ತಿ ನಷ್ಟ. ದೊಡ್ಡದಾದರೆ ಕರೆಂಟು ಉಳಿತಾಯ, ಪೈಪು ದುಬಾರಿ. ಇಲ್ಲಿ ಗುರಿಗಳು ಎರಡು: ಹಾಕುವಾಗಿನ ಖರ್ಚು ಕಡಿಮೆ ಇರಬೇಕು, ವರ್ಷವರ್ಷದ ಖರ್ಚೂ ಕಡಿಮೆ ಇರಬೇಕು.

ಎಂಜಿನಿಯರುಗಳು ಬಳಸುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಒಳವ್ಯಾಸ 50 ಮಿಲಿಮೀಟರ್ ಇದ್ದಾಗ ಘರ್ಷಣೆಯ ನಷ್ಟ ಸುಮಾರು 9 ಮೀಟರ್. ಅಂದರೆ ನೀರನ್ನು ಸುಮ್ಮನೆ ಇನ್ನೂ 9 ಮೀಟರ್ ಮೇಲಕ್ಕೆ ಎತ್ತಿದಷ್ಟು ಶಕ್ತಿ ಪೈಪಿನೊಳಗೇ ಕರಗುತ್ತದೆ. ಒಳವ್ಯಾಸ 60 ಆದರೆ ನಷ್ಟ 4 ಮೀಟರಿಗಿಂತ ಕಡಿಮೆ. 75 ಆದರೆ 1.3 ಮೀಟರ್. ಪಂಪಿನ ದಕ್ಷತೆ ಶೇ 50, ದಿನಕ್ಕೆ 4 ಗಂಟೆಯಂತೆ 150 ದಿನ ಓಡುತ್ತದೆ ಎಂದಿಟ್ಟುಕೊಂಡರೆ, ಈ ಘರ್ಷಣೆಯೊಂದಕ್ಕೇ ಮೊದಲ ಪೈಪಿನಲ್ಲಿ ವರ್ಷಕ್ಕೆ ಸುಮಾರು 325 ಯೂನಿಟ್, ಎರಡನೆಯದರಲ್ಲಿ 133, ಮೂರನೆಯದರಲ್ಲಿ 45 ಯೂನಿಟ್ ಖರ್ಚಾಗುತ್ತದೆ.

ಮೊದಲ ಹೆಜ್ಜೆಯಲ್ಲಿ, 50ರಿಂದ 60ಕ್ಕೆ ಹೋದಾಗ, 190 ಯೂನಿಟ್ ಉಳಿಯಿತು. ಮುಂದಿನ ಹೆಜ್ಜೆ ಅದಕ್ಕಿಂತ ದೊಡ್ಡದು, ಉಳಿದದ್ದು ಮಾತ್ರ 88 ಯೂನಿಟ್. ಅದಕ್ಕೂ ದೊಡ್ಡ ಪೈಪಿಗೆ ಹೋದರೆ ಉಳಿಯಲು ಇರುವುದೇ 45 ಯೂನಿಟ್. ಹೀಗೆ ಒಂದು ಗುರಿಯಲ್ಲಿ ಮುಂದೆ ಹೋದಂತೆಲ್ಲ, ಇನ್ನೊಂದರಲ್ಲಿ ಕೊಡಬೇಕಾದ ಬೆಲೆ ಏರುತ್ತ ಹೋಗುತ್ತದೆ. ಅನುಭವಿ ಎಂಜಿನಿಯರು ಹುಡುಕುವುದು ಲಾಭ ಸಟ್ಟನೆ ಸಣ್ಣದಾಗುವ ಆ ತಿರುವನ್ನು.

ಇಲ್ಲಿಯೇ ಇನ್ನೊಂದು ಪಾಠವಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ಆ ರೈತನ ಲೆಕ್ಕದಲ್ಲಿ ಯೂನಿಟ್ ಬೆಲೆ ಸೊನ್ನೆ, ಹಾಗಾಗಿ ಅವನಿಗೆ ಸಣ್ಣ ಪೈಪೇ ಸರಿ. ಸರಕಾರದ ಬೊಕ್ಕಸದ ಕಡೆಯಿಂದ ಲೆಕ್ಕ ಹಾಕಿದರೆ ದೊಡ್ಡ ಪೈಪೇ ಸರಿ. ಗಣಿತ ಒಂದೇ, ಪೈಪು ಒಂದೇ. ಯಾರ ಕಿಸೆಯಿಂದ ಹಣ ಹೋಗುತ್ತದೆ ಎಂಬುದರ ಮೇಲೆ ಉತ್ತರ ಬದಲಾಯಿತು. ‘ಅತ್ಯುತ್ತಮ’ ಎಂಬ ಮಾತು ಕೇಳಿದಾಗಲೆಲ್ಲ ‘ಯಾರಿಗೆ?’ ಎಂದು ಕೇಳಲೇಬೇಕು.

ಈಗ ತೋಡಿಗೆ ಇಳಿಯೋಣ

ಯಾವುದೇ ಆಪ್ಟಿಮೈಸೇಶನ್ ಲೆಕ್ಕಕ್ಕೆ ಮೂರು ಪಟ್ಟಿ ಬೇಕು. ನಮ್ಮ ಕೈಯಲ್ಲಿರುವ ನಿರ್ಧಾರಗಳು ಯಾವುವು? ನಮಗೆ ಬೇಕಾದ ಗುರಿಗಳು ಯಾವುವು? ಮೀರಲೇಬಾರದ ಮಿತಿಗಳು ಯಾವುವು? ನಿಮ್ಮಲ್ಲಿ ನಿರ್ಧಾರಗಳು ಎರಡು: ಹಲಗೆಯ ಎತ್ತರ ಮತ್ತು ಹಾಕುವ ದಿನ. ಗುರಿಗಳು: ಬೇಸಗೆಗೆ ಹೆಚ್ಚು ನೀರು, ತಗ್ಗಿನ ತೋಟಕ್ಕೆ ಕಡಿಮೆ ತೊಂದರೆ, ಕೆಳಗಿನವರಿಗೂ ಹರಿವು. ಮಿತಿ: ಕುಡಿಯುವ ನೀರಿನ ಬಾವಿಗಳಿಗೆ ತೊಂದರೆ ಆಗಬಾರದು, ಕಟ್ಟಡ ತಾಳುವ ಎತ್ತರವನ್ನು ಮೀರಬಾರದು.

ಲೆಕ್ಕಕ್ಕೆ ಒಂದು ಮಾದರಿ ತೋಡು ಇಟ್ಟುಕೊಳ್ಳೋಣ. ಅಗಲ 8 ಮೀಟರ್, ತಳದ ಇಳಿಜಾರು 200 ಮೀಟರಿಗೆ 1 ಮೀಟರ್, ದಂಡೆಯ ಎತ್ತರ 2.2 ಮೀಟರ್. ಇಂಥ ತೋಡಿನಲ್ಲಿ 2 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಹಿನ್ನೀರು 400 ಮೀಟರ್ ಉದ್ದಕ್ಕೆ ನಿಲ್ಲುತ್ತದೆ. ಹಲಗೆಯ ಹತ್ತಿರ 2 ಮೀಟರ್ ಆಳ, ಬಾಲದಲ್ಲಿ ಸೊನ್ನೆ. ಸರಾಸರಿ 1 ಮೀಟರ್. ಒಟ್ಟು 3,200 ಘನ ಮೀಟರ್, ಅಂದರೆ 32 ಲಕ್ಷ ಲೀಟರ್. ಎತ್ತರ ಹೆಚ್ಚಿದಂತೆ ಆಳವೂ ಹೆಚ್ಚುತ್ತದೆ, ಹಿನ್ನೀರಿನ ಉದ್ದವೂ ಹೆಚ್ಚುತ್ತದೆ. ಹಾಗಾಗಿ ಸಂಗ್ರಹ ಎತ್ತರದ ವರ್ಗದಂತೆ ಏರುತ್ತದೆ. ಒಂದೂವರೆ ಮೀಟರಿಗೆ 18 ಲಕ್ಷ ಲೀಟರ್, ಎರಡಕ್ಕೆ 32 ಲಕ್ಷ, ಎರಡೂವರೆಗೆ 50 ಲಕ್ಷ. ಮೇಲಿನ ಒಂದು ಹಲಗೆ ಕೆಳಗಿನ ಒಂದು ಹಲಗೆಗಿಂತ ಎಷ್ಟೋ ಹೆಚ್ಚು ನೀರು ಹಿಡಿಯುತ್ತದೆ. ‘ಇನ್ನೊಂದೇ ಒಂದು ಹಲಗೆ’ ಎಂದು ಪ್ರತಿವರ್ಷ ಒತ್ತಾಯ ಬರುವುದು ಇದಕ್ಕೇ. ಆದರೆ ಎರಡೂವರೆ ಮೀಟರಿಗೆ ದಂಡೆ ಸಾಲದು, ನೀರು ತಗ್ಗಿನ ತೋಟಕ್ಕೆ ನುಗ್ಗುತ್ತದೆ. ವಿರೋಧ ಬರುವುದೂ ಅದೇ ಹಲಗೆಗೇ.

ಈಗ ಚರ್ಚೆಯಲ್ಲಿ ಯಾರೂ ಹೇಳದೆ ಉಳಿದ ಮೂರನೆಯ ಆಯ್ಕೆಯೊಂದನ್ನು ಸೇರಿಸಿ. ಅಣೆಕಟ್ಟಿನಲ್ಲಿ ಎರಡೇ ಮೀಟರ್ ನಿಲ್ಲಿಸಿ, ಹಿನ್ನೀರು ಮುಗಿಯುವಲ್ಲಿ ಇನ್ನೊಂದು ಕಟ್ಟ ಹಾಕಿ ಅಲ್ಲೂ ಎರಡು ಮೀಟರ್ ನಿಲ್ಲಿಸಿದರೆ? ಒಟ್ಟು 64 ಲಕ್ಷ ಲೀಟರ್. ಒಂದೇ ಕಡೆ ಎರಡೂವರೆ ಮೀಟರ್ ನಿಲ್ಲಿಸುವುದಕ್ಕಿಂತ 14 ಲಕ್ಷ ಲೀಟರ್ ಹೆಚ್ಚು, ಯಾರ ತೋಟದಲ್ಲೂ ನೀರು ನಿಲ್ಲುವುದಿಲ್ಲ. ನೀರಿನ ಗುರಿಯಲ್ಲೂ ತೋಟದ ಗುರಿಯಲ್ಲೂ ಇದು ಮೇಲು. ಖರ್ಚು ಮಾತ್ರ ಹೆಚ್ಚು, ಆ ಪ್ರಶ್ನೆಯನ್ನು ಬೇರೆಯಾಗಿ ತೂಗಬೇಕು.

ಕುಂಬ್ಡಾಜೆ ಪಂಚಾಯತಿನ ಏತಡ್ಕದ ರೈತರು ತೋಡಿನುದ್ದಕ್ಕೂ ಸಾಲಾಗಿ ಕಟ್ಟ ಹಾಕುವ ಕ್ರಮವನ್ನು ಉಳಿಸಿಕೊಂಡು ಬಂದದ್ದರ ಹಿಂದೆ ಇದೇ ಲೆಕ್ಕವಿದೆ. ಒಂದು ಕಟ್ಟದ ಹಿನ್ನೀರು ಮುಗಿಯುವ ಕಡೆ ಮತ್ತೊಂದು ಕಟ್ಟ. ಸಣ್ಣಸಣ್ಣ ಎತ್ತರ, ಉದ್ದಕ್ಕೂ ನೀರು, ಎರಡೂ ಬದಿಯ ಬಾವಿ–ಕೆರೆಗಳಿಗೆ ಒರತೆ. ಅವರು ಯಾವ ಸಮೀಕರಣವನ್ನೂ ಬರೆಯಲಿಲ್ಲ. ತಲೆಮಾರುಗಳ ಕಾಲ ನೋಡಿ, ತಿದ್ದಿ, ಒಳ್ಳೆಯದನ್ನು ಇಟ್ಟುಕೊಂಡರು. ನಿಮ್ಮ ಊರಿಗೆ ಹೋಲುವ ನೆಲ, ಹೋಲುವ ತೋಡು ಅಲ್ಲಿದೆ. ಹೊಸ ಯೋಜನೆ ಬರೆಯುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬನ್ನಿ ಎಂದು ಒತ್ತಿ ಹೇಳುತ್ತೇನೆ.

ಪರೇಟೋ ಎಂಬ ಎಂಜಿನಿಯರು

ಎಲ್ಲ ಗುರಿಗಳಲ್ಲೂ ಇನ್ನೊಂದಕ್ಕಿಂತ ಕೀಳಾದ ಆಯ್ಕೆಯನ್ನು ಮೊದಲು ಪಟ್ಟಿಯಿಂದ ಹೊಡೆದುಹಾಕಬೇಕು. ಅದನ್ನು ಆರಿಸಲು ಯಾರಿಗೂ ಕಾರಣವಿಲ್ಲ. ಹಾಗೆ ಹೊಡೆದು ಹೊಡೆದು ಕೊನೆಗೆ ಉಳಿದವು, ಒಂದು ಗುರಿಯಲ್ಲಿ ಸ್ವಲ್ಪ ಬಿಟ್ಟುಕೊಡದೆ ಇನ್ನೊಂದರಲ್ಲಿ ಮುಂದೆ ಹೋಗಲಾಗದಂಥವು. ಇವನ್ನು ಗ್ರಾಫಿನಲ್ಲಿ ಗುರುತಿಸಿದರೆ ಒಂದು ಗೆರೆಯಾಗುತ್ತದೆ. ಅದಕ್ಕೆ ಇಟಲಿಯ ವಿಲ್ಫ್ರೆಡೊ ಪರೇಟೋ ಅವರ ಹೆಸರಿದೆ. ಅವರು ಅರ್ಥಶಾಸ್ತ್ರಜ್ಞರೆಂದು ಹೆಸರಾದರೂ ಓದಿದ್ದು ಟುರಿನ್‌ನಲ್ಲಿ ಎಂಜಿನಿಯರಿಂಗ್, ಮೊದಲು ದುಡಿದದ್ದು ರೈಲ್ವೆಯಲ್ಲಿ. ಅವರ ಈ ವಿಚಾರ 1906ರ ಅರ್ಥಶಾಸ್ತ್ರದ ಪುಸ್ತಕದಲ್ಲಿ ಸ್ಪಷ್ಟವಾಗಿ ಬಂತು. ನದಿ ಯೋಜನೆಗಳಿಗೆ ಇಂಥ ಗಣಿತವನ್ನು ವ್ಯವಸ್ಥಿತವಾಗಿ ತಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1955ರಲ್ಲಿ ಆರಂಭವಾದ ಜಲ ಅಧ್ಯಯನ. ಅಲ್ಲಿ ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು, ರಾಜ್ಯಶಾಸ್ತ್ರಜ್ಞರು ಒಟ್ಟಿಗೆ ಕುಳಿತು ಕೆಲಸ ಮಾಡಿ 1962ರಲ್ಲಿ ಪುಸ್ತಕ ಹೊರತಂದರು.

ಗುರಿಗಳು ಹೆಚ್ಚಾಗಿ, ಆಯ್ಕೆಗಳು ಲಕ್ಷಗಟ್ಟಲೆಯಾದಾಗ ಕೈಲೆಕ್ಕ ಸಾಲದು. 2002ರಲ್ಲಿ ಕಾನ್ಪುರ ಐಐಟಿಯ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ಎನ್‌ಎಸ್‌ಜಿಎ–2 ಎಂಬ ವಿಧಾನವನ್ನು ಪ್ರಕಟಿಸಿದರು. ಜೀವಜಾತಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುವ ಕ್ರಮವನ್ನು ಅನುಸರಿಸಿ, ಒಳ್ಳೆಯ ವಿನ್ಯಾಸಗಳನ್ನು ಬೆರೆಸಿ ಇನ್ನೂ ಒಳ್ಳೆಯವನ್ನು ಹುಡುಕುವ ಕ್ರಮ ಅದು. ಇಂದು ಜಗತ್ತಿನ ಎಲ್ಲೆಡೆ ಎಂಜಿನಿಯರುಗಳು ಅದನ್ನು ಬಳಸುತ್ತಾರೆ. ನಿಮ್ಮ ಸೀತಾಂಗೋಳಿಯಲ್ಲೇ ಎಚ್‌ಎಎಲ್ ಘಟಕವಿದೆ, ವಿಮಾನಗಳ ಇಲೆಕ್ಟ್ರಾನಿಕ್ ಉಪಕರಣಗಳದ್ದು. ಅಂಥ ಉಪಕರಣ ಹಗುರವಾಗಿರಬೇಕು, ಒಳಗಿನ ಬಿಸಿಯನ್ನು ಹೊರಹಾಕಬೇಕು, ಹಾರಾಟದ ಅದುರುವಿಕೆಯನ್ನು ತಾಳಬೇಕು. ಬಿಸಿ ಹೊರಹಾಕಲು ಲೋಹ ಹೆಚ್ಚು ಬೇಕು, ಲೋಹ ಹೆಚ್ಚಾದರೆ ತೂಕ. ತೋಡಿನ ಹಲಗೆಗೂ ವಿಮಾನದ ಪೆಟ್ಟಿಗೆಗೂ ಪ್ರಶ್ನೆಯ ರೂಪ ಒಂದೇ.

ಯಾವಾಗ ಹಾಕಬೇಕು?

ಎತ್ತರದಷ್ಟೇ ಕಷ್ಟದ್ದು ದಿನದ ಪ್ರಶ್ನೆ. ಹಿಂಗಾರು ಮುಗಿಯುವ ಮೊದಲೇ ಹಲಗೆ ಹಾಕಿದರೆ ಒಂದು ಸಂಜೆಯ ಗುಡುಗುಮಳೆಗೆ ತೋಡು ಉಕ್ಕಿ ತೋಟ, ಹಲಗೆ ಎರಡಕ್ಕೂ ಅಪಾಯ. ಕಾದು ಕುಳಿತರೆ ಹರಿವು ಇಳಿದು, ತುಂಬಿಸಲು ನೀರೇ ಇರುವುದಿಲ್ಲ. ಒಂದೇ ಜಾಗವನ್ನು ನೀರು ತುಂಬಿಡಲೂ ಬಳಸಬೇಕು, ನೆರೆಗೆಂದು ಖಾಲಿಯೂ ಇಡಬೇಕು.

ಕೇರಳ ಈ ಪ್ರಶ್ನೆಯನ್ನು 2018ರ ಆಗಸ್ಟ್‌ನಲ್ಲಿ ಬಹಳ ನೋವಿನಿಂದ ಎದುರಿಸಿತು. ಆಗಸ್ಟ್ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಗೇಟನ್ನು 26 ವರ್ಷಗಳ ನಂತರ ತೆರೆಯಬೇಕಾಯಿತು. ವಿದ್ಯುತ್ತಿಗೆ ಜಲಾಶಯ ತುಂಬಿರುವುದು ಲಾಭ, ನೆರೆ ತಡೆಯಲು ಖಾಲಿ ಇರುವುದು ಲಾಭ. ನೆರೆಯ ನಂತರ ಕೇಂದ್ರ ಜಲ ಆಯೋಗ ತನ್ನ ವರದಿಯಲ್ಲಿ ದೊಡ್ಡ ಜಲಾಶಯಗಳ ‘ರೂಲ್ ಕರ್ವ್’ಗಳನ್ನು ಮತ್ತೆ ಪರಿಶೀಲಿಸಬೇಕೆಂದು ಹೇಳಿತು. ವರ್ಷದ ಯಾವ ಹೊತ್ತಿಗೆ ನೀರು ಯಾವ ಮಟ್ಟವನ್ನು ಮೀರಬಾರದು ಎಂದು ಮೊದಲೇ ಎಳೆದಿಡುವ ಗೆರೆಯೇ ರೂಲ್ ಕರ್ವ್. ಮಳೆ ಸುರಿಯುತ್ತಿರುವಾಗ, ಭಯ–ಒತ್ತಡಗಳ ನಡುವೆ ತೀರ್ಮಾನ ಮಾಡುವ ಬದಲು, ಸಮಾಧಾನದಲ್ಲಿದ್ದಾಗ ಲೆಕ್ಕ ಹಾಕಿ ಬರೆದಿಟ್ಟ ನಿಯಮದಂತೆ ನಡೆಯುವುದು. 2021ರ ಅಕ್ಟೋಬರ್‌ನಲ್ಲಿ ಇಡುಕ್ಕಿಯ ಗೇಟುಗಳನ್ನು ತೆರೆದಾಗ ಅಂಥ ಗೆರೆಯೇ ಆಧಾರವಾಗಿತ್ತು.

ನಿಮ್ಮ ತೋಡಿಗೂ ಒಂದು ಪುಟ್ಟ ರೂಲ್ ಕರ್ವ್ ಬರೆದುಕೊಳ್ಳಬಹುದು. ಹಲಗೆಗಳನ್ನೆಲ್ಲ ಒಂದೇ ದಿನ ಹಾಕಬೇಕೆಂಬ ನಿಯಮವಿಲ್ಲ. ಕೆಳಗಿನ ಹಲಗೆಗಳು ಹಿಂಗಾರು ತಗ್ಗುವಾಗಲೇ ಬೀಳಲಿ. ಅವುಗಳ ಮೇಲೆ ನೆರೆ ಹರಿದುಹೋಗಲು ಜಾಗ ಇರುತ್ತದೆ. ಮೇಲಿನವು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಂಡು ಒಂದೊಂದಾಗಿ ಬೀಳಲಿ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬುವ ಕೆಲಸ ಕೊನೆಗೆ. ಅಲ್ಲಿಯವರೆಗೆ ಸಂದಿಯಿಂದ ಸೋರುವ ನೀರು ಕೆಳಗಿನವರ ಪಾಲು. ಮುಂಗಾರು ಜೂನ್ ಆರಂಭಕ್ಕೆ ಬರುತ್ತದೆಂದು ಇಟ್ಟುಕೊಂಡು, ಮೇ ತಿಂಗಳಲ್ಲಿ ಯಾವ ದಿನದೊಳಗೆ ಹಲಗೆ ತೆಗೆಯಬೇಕು, ತೆಗೆಯುವವರು ಯಾರು ಎಂಬುದನ್ನೂ ಬರೆದಿಡಿ. ತೆಗೆಯಲು ಮರೆತ ಹಲಗೆಯಿಂದ ಆಗುವ ಹಾನಿ ಹಾಕಲು ತಡವಾದ ಹಲಗೆಯದ್ದಕ್ಕಿಂತ ದೊಡ್ಡದು.

ಭದ್ರೆಯ ಪಾಠ

ಗುರಿಗಳ ಈ ಎಳೆದಾಟವನ್ನು ಲೆಕ್ಕಕ್ಕೆ ಇಳಿಸಿದ ಕನ್ನಡನಾಡಿನ ಒಳ್ಳೆಯ ಉದಾಹರಣೆ ಭದ್ರಾ ಜಲಾಶಯದ್ದು. ಲಕ್ಕವಳ್ಳಿಯ ಬಳಿ ಇರುವ ಈ ಅಣೆಕಟ್ಟಿನ ಪೂರ್ಣ ಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿಎಂಸಿ. ಎಡದಂಡೆ ನಾಲೆ, ಬಲದಂಡೆ ನಾಲೆ, ಜತೆಗೆ ವಿದ್ಯುತ್. ನಾಲೆಗೆ ಬಿಡುವ ನೀರು ದಾರಿಯಲ್ಲಿ ಟರ್ಬೈನ್ ತಿರುಗಿಸಿಯೇ ಹೋಗುತ್ತದೆ, ಅಷ್ಟರಮಟ್ಟಿಗೆ ರೈತರಿಗೂ ವಿದ್ಯುತ್ತಿಗೂ ಸ್ನೇಹ. ಆದರೆ ನದಿಪಾತ್ರದ ಟರ್ಬೈನಿಗೆ ಬಿಟ್ಟ ನೀರು ನಾಲೆಗೆ ಬರುವುದಿಲ್ಲ. ಜಲಾಶಯ ತುಂಬಿದ್ದಷ್ಟೂ ಪ್ರತಿ ಲೀಟರ್ ನೀರಿಗೆ ಹೆಚ್ಚು ವಿದ್ಯುತ್ ಸಿಗುವುದರಿಂದ, ಮಟ್ಟ ಇಳಿಸಬಾರದು ಎಂಬುದು ವಿದ್ಯುತ್ತಿನ ಆಸೆ. ಬೆಳೆಗೆ ಬೇಕಾದಾಗ ಇಳಿಸಲೇಬೇಕು ಎಂಬುದು ರೈತರ ಅಗತ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ ಈ ಜಲಾಶಯದ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೀರಾವರಿಯ ಕೊರತೆ ಕಡಿಮೆಯಾಗಬೇಕು, ವಿದ್ಯುತ್ ಹೆಚ್ಚಾಗಬೇಕು ಎಂಬ ಎರಡು ಗುರಿಗಳನ್ನಿಟ್ಟು ಅವರು ಕೊಟ್ಟದ್ದು ಒಂದು ಉತ್ತರವನ್ನಲ್ಲ, ಪರೇಟೋ ಗೆರೆಯ ಮೇಲಿನ ಒಂದು ಸಾಲು ಉತ್ತರಗಳನ್ನು. ಇಷ್ಟು ಯೂನಿಟ್ ಬೇಕಾದರೆ ಇಷ್ಟು ಕೊರತೆ, ಕೊರತೆ ಇಷ್ಟಕ್ಕೆ ಇಳಿಯಬೇಕಾದರೆ ವಿದ್ಯುತ್ ಇಷ್ಟು ಎಂದು. ಆರಿಸುವ ಹೊಣೆಯನ್ನು ಜಲಾಶಯ ನಡೆಸುವವರಿಗೆ ಬಿಟ್ಟರು. ಅದೇ ಸಂಸ್ಥೆಯ ಎಸ್. ವೇದುಲ ಮತ್ತು ಪಿ.ಪಿ. ಮುಜುಂದಾರ್ ಮಲಪ್ರಭಾ ಜಲಾಶಯವನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 1992ರದ್ದು. ನೀರು ಸಾಲದಿದ್ದಾಗ ಯಾವ ಬೆಳೆಗೆ, ಬೆಳವಣಿಗೆಯ ಯಾವ ಹಂತದಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಅದು ಲೆಕ್ಕಕ್ಕೆ ತಂದಿತು. ಅಷ್ಟೇ ನೀರಿನ ಕೊರತೆ ಒಂದು ಹಂತದಲ್ಲಿ ಸಣ್ಣ ಪೆಟ್ಟು, ಇನ್ನೊಂದು ಹಂತದಲ್ಲಿ ಬೆಳೆಯೇ ಹೋಗುವ ಪೆಟ್ಟು.

ಇಷ್ಟೆಲ್ಲ ಲೆಕ್ಕ ಇದ್ದೂ, 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನಾಲೆಯನ್ನು ಎಷ್ಟು ದಿನ ಹರಿಸಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂಬುದಕ್ಕೆ ರೈತರು ಬೀದಿಗಿಳಿದರು. ಮೇಲ್ಭಾಗದಲ್ಲಿ ಅಡಿಕೆ, ತೋಟಗಳನ್ನು ಬೇಸಗೆಯವರೆಗೆ ಉಳಿಸಿಕೊಳ್ಳಬೇಕು. ನಾಲೆಯ ಕೊನೆಯ ದಾವಣಗೆರೆ ಭಾಗದಲ್ಲಿ ಭತ್ತ, ಕದಿರು ಕಟ್ಟುವ ಹೊತ್ತಿಗೆ ನೀರು ಬೇಕು. ‘ಒಟ್ಟು ಕೊರತೆ ಕನಿಷ್ಠ’ ಎಂಬ ಗುರಿ ಇಲ್ಲಿ ಸಾಲದು. ಹತ್ತು ಜನಕ್ಕೆ ತಲಾ ಒಂದು ಪಾಲು ಕಡಿಮೆಯಾದರೂ, ಒಬ್ಬನೊಬ್ಬನಿಗೇ ಹತ್ತೂ ಪಾಲು ತಪ್ಪಿದರೂ ಮೊತ್ತ ಒಂದೇ. ಕೂಡಿಸುವ ಲೆಕ್ಕ ಆ ಒಬ್ಬನನ್ನು ಕಾಣುವುದಿಲ್ಲ. ಆದ್ದರಿಂದ ‘ಅತಿ ಹೆಚ್ಚು ಕಷ್ಟಕ್ಕೆ ಸಿಲುಕುವವರ ಕೊರತೆ ಎಷ್ಟು?’ ಎಂಬುದನ್ನು ಪ್ರತ್ಯೇಕ ಗುರಿಯಾಗಿಯೇ ಬರೆಯಬೇಕು. ನಿಮ್ಮ ತೋಡಿನ ಕೊನೆಯ ತೋಟದವರಿಗೂ ಈ ಮಾತು ಅನ್ವಯ.

ತೂಗಬಾರದ ಕೆಲವು

ಎಲ್ಲ ಗುರಿಗಳಿಗೂ ಒಂದೊಂದು ತೂಕ ಕೊಟ್ಟು ಕೂಡಿಸಿದರೆ ಒಂದೇ ಸಂಖ್ಯೆ ಬರುತ್ತದೆ, ಆಗ ಜಗಳವಿಲ್ಲ ಎಂದು ನಿಮ್ಮ ಮಗಳ ಪಠ್ಯಪುಸ್ತಕ ಹೇಳಬಹುದು. ಅನುಕೂಲದ ಮಾತು, ಆದರೆ ಅಪಾಯದ್ದೂ ಹೌದು. ನೀರಿಗೆ 0.6, ತೋಟಕ್ಕೆ 0.4 ಎಂದು ಬರೆದವರು ಯಾರು? ಆ ತೂಕದಲ್ಲೇ ತೀರ್ಪು ಅಡಗಿದೆ. ಇದಕ್ಕಿಂತ ಒಳ್ಳೆಯ ದಾರಿ, ಕೆಲವನ್ನು ತಕ್ಕಡಿಗೆ ಹಾಕದೆ ಮಿತಿಯಾಗಿಯೇ ಇಟ್ಟುಕೊಳ್ಳುವುದು. 1987 ಮತ್ತು 2002ರ ರಾಷ್ಟ್ರೀಯ ಜಲನೀತಿಗಳು ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟವು. ಕಾವೇರಿ ವಿವಾದದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಅಗತ್ಯಕ್ಕೆಂದು 4.75 ಟಿಎಂಸಿ ಸೇರಿಸಿದಾಗಲೂ ಕುಡಿಯುವ ನೀರಿನ ಹಿರಿತನವನ್ನು ಒತ್ತಿ ಹೇಳಿತು. ನಿಮ್ಮಲ್ಲೂ ಬಾವಿನೀರನ್ನು ಮೊದಲು ಮಿತಿಯಾಗಿ ಬರೆದು, ಉಳಿದದ್ದನ್ನು ಮಾತ್ರ ತೂಗಿ.

ಕೊಳವೆಬಾವಿಯೂ ಇಲ್ಲಿಯೇ ಬರುತ್ತದೆ. ಒಬ್ಬರ ಲೆಕ್ಕದಲ್ಲಿ ಕೊಳವೆಬಾವಿ ಎಲ್ಲ ಚರ್ಚೆಗೂ ಪರಿಹಾರ: ಹಲಗೆಯೂ ಬೇಡ, ನೆರೆಕರೆಯವರ ಒಪ್ಪಿಗೆಯೂ ಬೇಡ. ಆದರೆ ಎಲ್ಲರೂ ಹಾಗೆಯೇ ಲೆಕ್ಕ ಹಾಕಿದರೆ ನೆಲದಡಿಯ ಒಂದೇ ಭಂಡಾರಕ್ಕೆ ಎಲ್ಲರ ಕೈ. 2017ರ ಅಂತರ್ಜಲ ಲೆಕ್ಕಾಚಾರದಲ್ಲಿ, ಇಷ್ಟು ಮಳೆ ಬೀಳುವ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’ ಎಂಬ ವರ್ಗಕ್ಕೆ ಸೇರಿತ್ತು. ಕೊಳವೆಬಾವಿಗೆ ಹೋಲಿಸಿದರೆ ಗುಡ್ಡೆಯ ಬದಿಯ ಸುರಂಗದ ನೀರು ಕಡಿಮೆ, ನಿಜ. ಆದರೆ ಅದು ತಾನಾಗಿ ಇಳಿದು ಬರುತ್ತದೆ, ಕರೆಂಟು ಕೇಳುವುದಿಲ್ಲ, ಗುಡ್ಡೆ ಒಸರಿದ್ದಕ್ಕಿಂತ ಹೆಚ್ಚನ್ನು ಎಳೆಯಲು ಅದರಿಂದಾಗದು. ಹಾಗಾಗಿ ಸುರಂಗಕ್ಕೆ ಮಿತಿಯನ್ನು ಹೊರಗಿನಿಂದ ಯಾರೂ ಹೇಳಬೇಕಿಲ್ಲ.

ಪರಿಹಾರ, ಹೊಸ ಸಾಧನ

ಗುರಿಗಳು ಎದುರಾದಾಗ ಇನ್ನೆರಡು ದಾರಿಗಳಿವೆ. ಒಂದು, ನಷ್ಟವಾಗುವವರಿಗೆ ಲಾಭ ಪಡೆದವರು ಭರಿಸಿಕೊಡುವುದು. ಮಂಗಳೂರಿಗೆ ಕುಡಿಯುವ ನೀರು ಕೊಡುವ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ 7 ಮೀಟರ್‌ವರೆಗೆ ನೀರು ನಿಲ್ಲಿಸಬಹುದು. ಆದರೆ ಮುಳುಗುವ ಜಮೀನಿನ ಪರಿಹಾರದ ಪ್ರಶ್ನೆ ಇದ್ದುದರಿಂದ ಮೊದಲು 5 ಮೀಟರ್, ಆಮೇಲೆ 6 ಮೀಟರ್ ಎಂದು ಹಂತಹಂತವಾಗಿ ಏರಿಸಬೇಕಾಯಿತು. 2019ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ನೀರನ್ನು ರೇಷನ್ ಮಾಡುವ ಸ್ಥಿತಿ ಬಂತು. ಗೋಡೆಯ ಎತ್ತರ ಎಂಜಿನಿಯರಿಂಗ್ ಪ್ರಶ್ನೆ. ನೀರಿನ ಎತ್ತರ ಪರಿಹಾರದ ಪ್ರಶ್ನೆ. ನಿಮ್ಮ ತೋಡಿನಲ್ಲೂ ಒಬ್ಬಿಬ್ಬರ ತಗ್ಗಿನ ತೋಟಕ್ಕೆ ಬಸಿಗಾಲುವೆ ತೋಡಿಸುವ ಅಥವಾ ದಂಡೆ ಏರಿಸುವ ಖರ್ಚನ್ನು ನೀರು ಪಡೆಯುವವರೆಲ್ಲ ಹಂಚಿಕೊಂಡರೆ ಆ ಒಂದು ಹಲಗೆಗೆ ಒಪ್ಪಿಗೆ ಸಿಗಬಹುದು.

ಇನ್ನೊಂದು, ಗೆರೆಯನ್ನೇ ಸರಿಸುವ ಹೊಸ ಸಾಧನ. 1903ರಲ್ಲಿ ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುತ್ತಿತ್ತು, ನೆರೆ ಬಂದಾಗ ಗೇಟು ತಾನಾಗಿ ತೆರೆದುಕೊಳ್ಳುತ್ತಿತ್ತು. ಸಂಗ್ರಹ ಬೇಕೋ ಸುರಕ್ಷತೆ ಬೇಕೋ ಎಂಬ ಪ್ರಶ್ನೆಗೆ ಅವರು ಎರಡನ್ನೂ ಹೆಚ್ಚಿಸುವ ಸಾಧನದಿಂದ ಉತ್ತರಿಸಿದರು. ನಿಮ್ಮಲ್ಲಿ ಅಂಥ ಸಾಧನ ಹನಿ ನೀರಾವರಿ. ಬುಡಕ್ಕೆ ಹಾಯಿಸುವ ಹಳೆಯ ಕ್ರಮದಲ್ಲಿ ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಬೇಕು. ನಾಲ್ಕು ದಿನಕ್ಕೊಮ್ಮೆ ಎಂದಿಟ್ಟರೂ ಎಕರೆಗೆ ದಿನಕ್ಕೆ 24,000 ಲೀಟರ್, ಹನಿಯಲ್ಲಿ 11,000. ನಮ್ಮ ಮಾದರಿ ತೋಡಿನ 32 ಲಕ್ಷ ಲೀಟರ್ ಹತ್ತು ಎಕರೆಗೆ ಹಳೆಯ ಕ್ರಮದಲ್ಲಿ 13 ದಿನ ಬಂದರೆ, ಹನಿಯಲ್ಲಿ 29 ದಿನ ಬರುತ್ತದೆ. ಎರಡು ಮೀಟರಿನಿಂದ ಎರಡೂವರೆ ಮೀಟರಿಗೆ ಏರಿಸಿ, ಹಳೆಯ ಕ್ರಮದಲ್ಲೇ ಹಾಯಿಸಿದರೆ ಸಿಗುವುದು 21 ದಿನ. ಅಂದರೆ ಜಗಳಕ್ಕೆ ಕಾರಣವಾದ ಆ ಹಲಗೆಗಿಂತ ಹನಿ ಪೈಪು ದೊಡ್ಡ ಅಣೆಕಟ್ಟು.

ಈ ವರ್ಷ ಏನು ಮಾಡಬಹುದು?

ಮಳೆ ಮುಗಿಯುವ ಮೊದಲೇ ಎಲ್ಲರೂ ಒಮ್ಮೆ ಸೇರಿ. ಮಗಳ ಕೈಯಲ್ಲಿ ತೋಡಿನ ಅಗಲ, ಇಳಿಜಾರು, ದಂಡೆಯ ಎತ್ತರ ಅಳೆಯಿಸಿ. ಒಂದು ಟೇಪು, ನೀರು ತುಂಬಿದ ಪಾರದರ್ಶಕ ಪೈಪು ಇದ್ದರೆ ಸಾಕು. ಪ್ರತಿ ಎತ್ತರಕ್ಕೆ ಎಷ್ಟು ನೀರು ನಿಲ್ಲುತ್ತದೆ, ಎಷ್ಟು ಮರದ ಬುಡ ಒದ್ದೆಯಾಗುತ್ತದೆ, ಖರ್ಚೆಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಕಟ್ಟ, ಎರಡು ಕಟ್ಟ, ಹನಿ ನೀರಾವರಿ, ದಂಡೆ ಏರಿಸುವುದು ಎಲ್ಲವೂ ಆ ಹಾಳೆಯಲ್ಲಿ ಬರಲಿ. ಎಲ್ಲದರಲ್ಲೂ ಕೀಳಾದವನ್ನು ಹೊಡೆದುಹಾಕಿ. ಉಳಿದ ಮೂರೋ ನಾಲ್ಕೋ ಆಯ್ಕೆಗಳನ್ನು ಮುಂದಿಟ್ಟು, ಅತಿ ಹೆಚ್ಚು ನಷ್ಟವಾಗುವ ಮನೆಯವರನ್ನು ಮೊದಲು ಮಾತಾಡಲು ಬಿಡಿ. ಒಪ್ಪಿದ್ದನ್ನು ದಿನಾಂಕ ಸಹಿತ ಬರೆದು, ಒಂದು ಬೇಸಗೆ ನಡೆಸಿ ನೋಡಿ, ಮುಂದಿನ ವರ್ಷ ತಿದ್ದಿಕೊಳ್ಳಿ.

ಲೆಕ್ಕದಿಂದ ಜಗಳ ತೀರುತ್ತದೆಯೇ ಎಂದು ಕೇಳಿದ್ದೀರಿ. ಗೊತ್ತಿಲ್ಲದೆ ಆಡುವ ಜಗಳ ತೀರುತ್ತದೆ. ಎಷ್ಟು ನೀರಿಗೆ ಎಷ್ಟು ಮರ ಎಂಬುದು ಎಲ್ಲರಿಗೂ ಒಂದೇ ಹಾಳೆಯಲ್ಲಿ ಕಂಡ ಮೇಲೆ ಉಳಿಯುವುದು, ನೆರೆಕರೆಯವರಿಗಾಗಿ ನಾವು ಎಷ್ಟು ಬಿಟ್ಟುಕೊಡಲು ಸಿದ್ಧ ಎಂಬ ಪ್ರಶ್ನೆ. ಅದನ್ನು ಯಾವ ಯಂತ್ರಕ್ಕೂ ವಹಿಸಬೇಡಿ. ಅದು ತೋಡಿನ ಎರಡೂ ದಂಡೆಯವರು ಕುಳಿತು ತೀರ್ಮಾನಿಸಬೇಕಾದದ್ದು. ನಿಮ್ಮ ಮಗಳು ಆ ಹಾಳೆಯನ್ನು ಸಿದ್ಧಪಡಿಸಲಿ. ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ತೋಚುವುದಿಲ್ಲ.